ಮೈಸೂರಿನಿಂದ ಫ್ರಾನ್ಸ್‌ಗೆ ಹೋದ ಗೋಪಾಲ ಮಹಾರಾಜ್

ಕುವೆಂಪು ಅವರ ಆತ್ಮಕಥನ ‘ನೆನಪಿನ ದೋಣಿಯಲ್ಲಿ’ ಓದಿದವರಿಗೆ ಸ್ವಾಮಿ ಸಿದ್ಧೇಶ್ವರಾನಂದರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಮೈಸೂರಿನ ಶ್ರೀರಾಮಕೃಷ್ಣ ಆಶ್ರಮವನ್ನು ಅದರ ಆರಂಭದ ವರ್ಷಗಳಲ್ಲಿ ಕಟ್ಟಿ ಬೆಳೆಸಿದವರು, ಮಲೆನಾಡಿನಿಂದ ಬಂದ ತರುಣ ಕವಿಯೊಬ್ಬನನ್ನು ಆಶ್ರಮಕ್ಕೆ ಕರೆತಂದು ಮನೆಯ ಮಗನಂತೆ ನೋಡಿಕೊಂಡವರು, ಆಪ್ತರ ಪಾಲಿಗೆ ಗೋಪಾಲ ಮಹಾರಾಜ್. ಆದರೆ ನಮ್ಮ ಓದುಗರಲ್ಲಿ ಬಹುಪಾಲು ಮಂದಿಗೆ ಅವರ ಕಥೆ 1937ಕ್ಕೇ ನಿಂತುಬಿಡುತ್ತದೆ. ಆ ವರ್ಷ ಅವರು ಸಮುದ್ರ ದಾಟಿ ಫ್ರಾನ್ಸ್‌ಗೆ ಹೋದರು. ಅಲ್ಲಿಂದ ಮುಂದೆ ಅವರು ಬದುಕಿದ್ದು ಇನ್ನೂ ಇಪ್ಪತ್ತು ವರ್ಷ. ಆ ಇಪ್ಪತ್ತು ವರ್ಷಗಳಲ್ಲಿ ಅವರು ಮಾಡಿದ ಕೆಲಸಕ್ಕೆ ಕನ್ನಡದಲ್ಲಿ ಸರಿಯಾದ ಹೆಸರೂ ಇಲ್ಲ.

(ಹೆಸರಿನ ಸಾಮ್ಯದಿಂದ ಗೊಂದಲವಾಗುವುದು ಬೇಡ. 2023ರ ಜನವರಿ 2ರಂದು ದೇಹ ಬಿಟ್ಟ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಬೇರೆ, ಇವರು ಬೇರೆ.)

ಇಂಗ್ಲಿಷ್ ಬಲ್ಲ ದೇಶಗಳಲ್ಲಿ ಆ ಕೆಲಸ ಮಾಡುವವರನ್ನು ಚಾಪ್ಲೆನ್ ಎನ್ನುತ್ತಾರೆ. ಚಾಪ್ಲೆನ್ ಎಂದರೆ ದೇವಸ್ಥಾನದ ಅರ್ಚಕನಲ್ಲ, ಮಠದ ಪೀಠಾಧಿಪತಿಯೂ ಅಲ್ಲ. ವಿಶ್ವವಿದ್ಯಾಲಯ, ಆಸ್ಪತ್ರೆ, ಸೆರೆಮನೆ, ಸೇನೆ ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿದ್ದು, ತನ್ನ ಬಳಿಗೆ ಬಂದವರ ಮಾತು ಕೇಳುವ ಧಾರ್ಮಿಕ ವ್ಯಕ್ತಿ. ಬಂದವರು ಯಾವ ಮತದವರು ಎಂಬುದು ಅಲ್ಲಿ ಎರಡನೆಯ ಪ್ರಶ್ನೆ. ಶತಮಾನಗಳ ಕಾಲ ಈ ಹುದ್ದೆ ಕ್ರೈಸ್ತ ಪಾದ್ರಿಗಳದ್ದೇ ಆಗಿತ್ತು. ಹಿಂದೂಗಳಿಗೆ ಅಲ್ಲಿ ಜಾಗ ದೊರೆತದ್ದು ಇತ್ತೀಚೆಗೆ. ಬ್ರಿಟನ್ ತನ್ನ ಸೇನಾಪಡೆಗಳಿಗೆ ಹಿಂದೂ ಚಾಪ್ಲೆನ್ ಒಬ್ಬರನ್ನು ನೇಮಿಸಿದ್ದು 2005ರಲ್ಲಿ. ಅದಕ್ಕೂ ಬಹಳ ಮೊದಲೇ ಅಮೆರಿಕದ ಎಂಐಟಿ ಮತ್ತು ಹಾರ್ವರ್ಡ್‌ಗಳಲ್ಲಿ ರಾಮಕೃಷ್ಣ ಸಂಘದ ಸ್ವಾಮಿ ಸರ್ವಗತಾನಂದರು ದಶಕಗಳ ಕಾಲ ಆ ಸೇವೆ ಸಲ್ಲಿಸಿದ್ದರು.

ಸಿದ್ಧೇಶ್ವರಾನಂದರಿಗೆ ಅಂತಹ ಹುದ್ದೆ ಎಂದೂ ಇರಲಿಲ್ಲ. ಫ್ರಾನ್ಸ್‌ನಲ್ಲಿ ಇರುವ ಸಾಧ್ಯತೆಯೂ ಇರಲಿಲ್ಲ. ಹುದ್ದೆಯಿಲ್ಲದೆ ಆ ಕೆಲಸವನ್ನು ಅವರು ಹೇಗೆ ಮಾಡಿದರು ಎಂಬುದೇ ಕುತೂಹಲದ ಸಂಗತಿ. ಅದನ್ನು ಅವರು ಕಲಿತದ್ದು ಮೈಸೂರಿನಲ್ಲಿ ಎಂಬುದು ಈ ಲೇಖಕನ ನಂಬಿಕೆ.

ಕೊಚ್ಚಿಯಿಂದ ಮೈಸೂರಿಗೆ

ಹುಟ್ಟಿದ್ದು 1897ರಲ್ಲಿ, ಕೇರಳದಲ್ಲಿ. ಕೊಚ್ಚಿಯ ರಾಜಮನೆತನಕ್ಕೆ ಸಂಬಂಧಪಟ್ಟ ಕುಟುಂಬ, ಹೆಸರು ಗೋಪಾಲ. ಮದರಾಸಿನಲ್ಲಿ ಓದುತ್ತಿದ್ದ ಕಾಲಕ್ಕೆ ರಾಮಕೃಷ್ಣ ಮಠದ ಸಂಪರ್ಕ ಬಂತು. ಶ್ರೀರಾಮಕೃಷ್ಣರ ನೇರ ಶಿಷ್ಯರೂ ಸಂಘದ ಮೊದಲ ಅಧ್ಯಕ್ಷರೂ ಆದ ಸ್ವಾಮಿ ಬ್ರಹ್ಮಾನಂದರಿಂದ ದೀಕ್ಷೆ ಪಡೆದು, 1920ರಲ್ಲಿ ಸಂಘ ಸೇರಿದರು. ಅರಮನೆಯ ನಂಟು ಕಳಚಿತು. ಆದರೆ ನಡೆನುಡಿಯಲ್ಲಿನ ರಾಜಮನೆತನದ ಸೌಜನ್ಯ ಕಳಚಲಿಲ್ಲ. ಮುಂದೆ ಪರದೇಶದಲ್ಲಿ ಅದು ಅವರ ಉಪಯೋಗಕ್ಕೇ ಬಂತು.

ಮೈಸೂರಿನಲ್ಲಿ ಆಶ್ರಮ ಆರಂಭವಾದದ್ದು 1925ರಲ್ಲಿ. ಆ ಕಾಲದ ಮೈಸೂರನ್ನು ನೆನಪಿಸಿಕೊಳ್ಳಬೇಕು. ಮಿಲ್ಲರ್ ಸಮಿತಿಯ ವರದಿಯ ನಂತರದ ದಿನಗಳು. ವಿದ್ಯೆ ಮತ್ತು ನೌಕರಿಯಲ್ಲಿ ಬ್ರಾಹ್ಮಣೇತರರ ಪಾಲಿನ ಪ್ರಶ್ನೆ ಬೀದಿಗೆ ಬಂದಿತ್ತು. ಹಳ್ಳಿಗಳಿಂದ ಓದಲು ಬಂದ ಹುಡುಗರಿಗೆ ಜಾತಿಗೊಂದು ವಿದ್ಯಾರ್ಥಿನಿಲಯ. ಎಲ್ಲಿ ಉಳಿಯಬೇಕು, ಯಾರ ಜೊತೆ ಕುಳಿತು ಉಣ್ಣಬೇಕು ಎಂಬುದನ್ನು ಹುಟ್ಟೇ ನಿರ್ಧರಿಸುತ್ತಿದ್ದ ಕಾಲ ಅದು. ಅಂತಹ ಊರಿನಲ್ಲಿ ಮಲಯಾಳ ಸೀಮೆಯ ಸಂನ್ಯಾಸಿಯೊಬ್ಬರು ಬಂದು ಯಾವ ಜಾತಿಗೂ ಸೇರದ ಒಂದು ಬಾಗಿಲನ್ನು ತೆರೆದರು.

ಕುಪ್ಪಳಿಯ ಪುಟ್ಟಪ್ಪ ಆ ಬಾಗಿಲಿಗೆ ಬಂದದ್ದು ಭಕ್ತನಾಗಿ ಅಲ್ಲ. ರೋಗಿಯಾಗಿ ಎಂದರೆ ತಪ್ಪಾಗದು. ಸಂತೇಪೇಟೆಯ ಬಿಡಾರದಲ್ಲಿ ಒಂಟಿಯಾಗಿ ಕಾಯಿಲೆ ಬಿದ್ದಿದ್ದ ವಿದ್ಯಾರ್ಥಿಗೆ ಸ್ವಾಮೀಜಿ ಚಿಕಿತ್ಸೆಯ ವ್ಯವಸ್ಥೆ ಮಾಡಿಸಿದರು. ಬಳಿಕ ಆಶ್ರಮಕ್ಕೆ ಕರೆತಂದರು. ಸುಮಾರು ಒಂದು ದಶಕ ಕುವೆಂಪು ಅಲ್ಲಿಯೇ ಇದ್ದರು. ಬಿ.ಎ., ಎಂ.ಎ. ಮುಗಿದದ್ದು, ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದದ್ದು, ಶ್ರೀರಾಮಕೃಷ್ಣರ ಹಾಗೂ ವಿವೇಕಾನಂದರ ಜೀವನ ಚರಿತ್ರೆಗಳನ್ನು ಕನ್ನಡದಲ್ಲಿ ಬರೆದದ್ದು ಎಲ್ಲವೂ ಆ ಆಸುಪಾಸಿನ ವರ್ಷಗಳಲ್ಲಿ. 1929ರಲ್ಲಿ ಅವರಿಗೆ ಬೇಲೂರು ಮಠದಲ್ಲಿ (ಹಾಸನದ ಬೇಲೂರಲ್ಲ, ಕೋಲ್ಕತ್ತದ ಹೂಗ್ಲಿ ದಡದ್ದು) ಸ್ವಾಮಿ ಶಿವಾನಂದರಿಂದ ದೀಕ್ಷೆಯಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕುವೆಂಪು ಆಶ್ರಮದಲ್ಲಿದ್ದು ಬರೆದದ್ದು ಸ್ತೋತ್ರ, ಜೀವನ ಚರಿತ್ರೆಗಳನ್ನು ಮಾತ್ರವಲ್ಲ. ಗುಡಿಯ ಒಳಗಿನ ಪೂಜೆಯನ್ನು ಬಿಟ್ಟು ಬೀದಿ ಗುಡಿಸುವವನ ಬಳಿಗೆ ಶಿವನೇ ಬರುವ ‘ಜಲಗಾರ’ ನಾಟಕ 1928ರದ್ದು. ಪುರೋಹಿತಶಾಹಿಯನ್ನು ಅಷ್ಟು ನೇರವಾಗಿ ಕೆಣಕುವ ಕೃತಿ ಒಂದು ಧಾರ್ಮಿಕ ಸಂಸ್ಥೆಯ ಆಶ್ರಯದಲ್ಲಿದ್ದ ಹುಡುಗನ ಲೇಖನಿಯಿಂದ ಬಂತು. ಕಾವಿ ತೊಡಿಸುವುದಕ್ಕೆ ಇದಕ್ಕಿಂತ ಯೋಗ್ಯನಾದ ಶಿಷ್ಯ ಯಾವ ಆಶ್ರಮಕ್ಕೂ ಸಿಕ್ಕಿರಲಾರ. ವಾಕ್ಪಟುತ್ವ, ಭಕ್ತಿ, ಬ್ರಹ್ಮಚರ್ಯದ ಒಲವು ಎಲ್ಲ ಇತ್ತು. ಆದರೂ ಆಶ್ರಮ ಅವರನ್ನು ಕಟ್ಟಿಹಾಕಲಿಲ್ಲ. 1937ರ ಏಪ್ರಿಲ್ 30ರಂದು ಕುವೆಂಪು ಹೇಮಾವತಿಯವರನ್ನು ವಿವಾಹವಾಗಿ ಗೃಹಸ್ಥರಾದರು. ಕನ್ನಡಕ್ಕೆ ಒಬ್ಬ ಸಂನ್ಯಾಸಿ ಕಡಿಮೆಯಾದರು. ‘ಶ್ರೀ ರಾಮಾಯಣ ದರ್ಶನಂ’ ದೊರಕಿತು. ವ್ಯಕ್ತಿಯನ್ನು ತನ್ನ ದಾರಿಗೆ ಎಳೆದುಕೊಳ್ಳದೆ ಅವನದೇ ದಾರಿಯಲ್ಲಿ ಅವನನ್ನು ಗಟ್ಟಿಗೊಳಿಸುವ ಈ ಕ್ರಮವನ್ನು ಮುಂದೆ ಫ್ರಾನ್ಸ್‌ನಲ್ಲಿ ಮತ್ತೆ ಕಾಣುತ್ತೇವೆ.

ನಂಬಿಕೆ ಕೇಳದ ವೇದಾಂತ

ಮೈಸೂರು ಸ್ವಾಮೀಜಿಗೆ ಕೊಟ್ಟ ಇನ್ನೊಂದು ದೊಡ್ಡ ಕೊಡುಗೆ ವಿ. ಸುಬ್ರಹ್ಮಣ್ಯ ಅಯ್ಯರ್. ಮೈಸೂರು ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಆಗಿದ್ದ ಅಯ್ಯರ್, ನಾಲ್ವಡಿ ಕೃಷ್ಣರಾಜ ಒಡೆಯರಿಗೆ ತತ್ತ್ವಶಾಸ್ತ್ರ ಓದಿಸುತ್ತಿದ್ದವರು. ಅವರ ಬಳಿ ಮಾಂಡೂಕ್ಯ ಉಪನಿಷತ್ತು ಮತ್ತು ಅದರ ಮೇಲಿನ ಗೌಡಪಾದರ ಕಾರಿಕೆಯ ಪಾಠ ಕೇಳಲು ರಾಮಕೃಷ್ಣ ಸಂಘದ ಹಲವು ತರುಣ ಸಂನ್ಯಾಸಿಗಳು ಮೈಸೂರಿಗೆ ಬರುತ್ತಿದ್ದರು. ನ್ಯೂಯಾರ್ಕ್‌ನಲ್ಲಿ ನೆಲೆಸಿ ಹೆಸರಾದ ಸ್ವಾಮಿ ನಿಖಿಲಾನಂದರ ಮಾಂಡೂಕ್ಯ ಕಾರಿಕೆಯ ಇಂಗ್ಲಿಷ್ ಅನುವಾದ 1936ರಲ್ಲಿ ಪ್ರಕಟವಾದದ್ದು ಮೈಸೂರಿನ ಆಶ್ರಮದಿಂದಲೇ. ಮುನ್ನುಡಿ ಅಯ್ಯರ್ ಅವರದು.

ಅಯ್ಯರ್ ಅವರ ಪಾಠದ ವೈಶಿಷ್ಟ್ಯ ಸರಳವಾದದ್ದು. ಶಾಸ್ತ್ರ ಹೇಳಿದೆ, ಆದ್ದರಿಂದ ಒಪ್ಪಿಕೋ ಎಂಬ ವಾದ ಅವರಲ್ಲಿ ಇರಲಿಲ್ಲ. ಎಚ್ಚರ, ಕನಸು, ಗಾಢನಿದ್ರೆ ಈ ಮೂರು ಅವಸ್ಥೆಗಳು ಪ್ರತಿಯೊಬ್ಬ ಮನುಷ್ಯನಿಗೂ ಉಂಟು. ಹಿಂದೂ, ಕ್ರೈಸ್ತ, ಮುಸಲ್ಮಾನ, ನಾಸ್ತಿಕ ಎಂಬ ಭೇದ ಅಲ್ಲಿಲ್ಲ. ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ವಿಚಾರ ಮಾಡಿದರೆ ಮಾತ್ರ ಪೂರ್ಣ ಸತ್ಯದ ಮಾತಾಡಬಹುದು. ಎಚ್ಚರವೊಂದನ್ನೇ ಹಿಡಿದು ಕಟ್ಟಿದ ತತ್ತ್ವಶಾಸ್ತ್ರ ಅರ್ಧ ಮಾತ್ರ ಎಂಬುದು ಅವರ ನಿಲುವು. ಕೇಳುವವನಿಂದ ಯಾವ ನಂಬಿಕೆಯನ್ನೂ ಮುಂಗಡವಾಗಿ ಕೇಳದ ಈ ವೇದಾಂತವನ್ನು ಸಿದ್ಧೇಶ್ವರಾನಂದರು ಮೈಗೂಡಿಸಿಕೊಂಡರು. ಡೆಕಾರ್ಟ್ ಹುಟ್ಟಿದ ನಾಡಿಗೆ ಹೋಗಲಿದ್ದವರಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಬೇರೆ ಯಾವುದಿದ್ದೀತು?

ಪ್ಯಾರಿಸ್ ಮತ್ತು ಯುದ್ಧ

ಫ್ರಾನ್ಸ್‌ನಲ್ಲಿ ನೆಲ ಅಷ್ಟಿಷ್ಟು ಹದವಾಗಿತ್ತು. 1900ರಲ್ಲಿ ವಿವೇಕಾನಂದರು ಪ್ಯಾರಿಸ್‌ನ ಧರ್ಮೇತಿಹಾಸ ಸಮ್ಮೇಳನದಲ್ಲಿ ಮಾತನಾಡಿದ್ದರು. 1929 ಮತ್ತು 1930ರಲ್ಲಿ ನೊಬೆಲ್ ಪುರಸ್ಕೃತ ರೊಮೇನ್ ರೋಲಾ ಅವರ ರಾಮಕೃಷ್ಣ, ವಿವೇಕಾನಂದ ಚರಿತ್ರೆಗಳು ಹೊರಬಂದಿದ್ದವು. ಜಾನ್ ಎರ್ಬೆರ್ ಎಂಬ ವಿದ್ವಾಂಸರು ವಿವೇಕಾನಂದರ ಕೃತಿಗಳನ್ನು ಫ್ರೆಂಚ್ ಭಾಷೆಗೆ ತರುತ್ತಿದ್ದರು. ಆಸಕ್ತರ ಸಣ್ಣ ಗುಂಪೊಂದು ತಮಗೊಬ್ಬ ಸ್ವಾಮಿ ಬೇಕೆಂದು ಕೇಳುತ್ತಿತ್ತು. ಹಾಗಾಗಿ 1937ರ ಬೇಸಿಗೆಯಲ್ಲಿ, ಕುವೆಂಪು ಸಂಸಾರ ಹೂಡಿದ ಕೆಲವೇ ತಿಂಗಳಲ್ಲಿ, ನಲವತ್ತರ ಸಿದ್ಧೇಶ್ವರಾನಂದರು ಪ್ಯಾರಿಸ್ ತಲುಪಿದರು.

ಅದು ಅಮೆರಿಕದಂತಹ ದೇಶವಲ್ಲ. 1905ರ ಡಿಸೆಂಬರ್ 9ರ ಕಾನೂನು ಅಲ್ಲಿ ಚರ್ಚನ್ನೂ ಸರ್ಕಾರವನ್ನೂ ಕತ್ತರಿಸಿ ಬೇರೆ ಮಾಡಿತ್ತು. ಸರ್ಕಾರಿ ಶಾಲೆ, ಆಸ್ಪತ್ರೆ, ಸೆರೆಮನೆಗಳಲ್ಲಿ ಧಾರ್ಮಿಕ ಸೇವೆಗೆ ಆ ಕಾನೂನು ಒಂದು ಕಿಂಡಿ ಬಿಟ್ಟಿದ್ದರೂ, ವ್ಯವಹಾರದಲ್ಲಿ ಅದು ಆ ದೇಶದಲ್ಲಿ ಮೊದಲೇ ನೆಲೆಯೂರಿದ್ದ ಮತಗಳಿಗೆ ಸಂಬಂಧಿಸಿದ್ದು. ಹಿಂದೂ ಸಂನ್ಯಾಸಿಯೊಬ್ಬ ಸಾರ್ವಜನಿಕ ಜೀವನದೊಳಗೆ ಕಾಲಿಡಲು ಉಳಿದಿದ್ದ ದಾರಿ ಎರಡೇ: ಸ್ನೇಹಿತರ ಮನೆಯ ಕೋಣೆ, ಇಲ್ಲವೇ ವಿಶ್ವವಿದ್ಯಾಲಯದ ಉಪನ್ಯಾಸ ಮಂದಿರ. ಸ್ವಾಮೀಜಿ ಎರಡನ್ನೂ ಬಳಸಿದರು.

ಎರಡು ವರ್ಷ ಕಳೆಯುತ್ತಿದ್ದಂತೆ ಮಹಾಯುದ್ಧ. 1940ರ ಜೂನ್ 14ರಂದು ಜರ್ಮನ್ ಸೇನೆ ಪ್ಯಾರಿಸ್ ಪ್ರವೇಶಿಸಿತು. ಆಗಿನ ಭಾರತೀಯರು ಕಾಗದದ ಮೇಲೆ ಬ್ರಿಟಿಷ್ ಪ್ರಜೆಗಳು, ಅಂದರೆ ಜರ್ಮನಿಯ ಪಾಲಿಗೆ ಶತ್ರು ದೇಶದವರು. ಜರ್ಮನರು ಹಿಡಿದ ಭಾಗದಲ್ಲಿ ಸಿಕ್ಕ ಬ್ರಿಟಿಷ್ ಗಂಡಸರನ್ನು ಪ್ಯಾರಿಸ್ ಬಳಿಯ ಸೇಂಟ್ ಡೆನಿಯ ಶಿಬಿರದಲ್ಲಿ ಕೂಡಿಹಾಕಲಾಗುತ್ತಿತ್ತು. ಸ್ವಾಮೀಜಿ ದಕ್ಷಿಣ ಫ್ರಾನ್ಸ್‌ನಲ್ಲಿ ನೆಲೆ ಕಂಡುಕೊಂಡರು. ದೇಶಕ್ಕೆ ಮರಳುವ ಯೋಚನೆಗೆ ಆಗ ಅರ್ಥವಿರಲಿಲ್ಲ. ಹಣದ, ಪತ್ರದ ಸಂಪರ್ಕವೂ ದುರ್ಲಭವಾಗಿತ್ತು. ಇದ್ದ ಸ್ಥಿತಿಯಲ್ಲಿ ತುಲೂಸ್ ಮತ್ತು ಮೊಂಪೆಲಿಯೆ ವಿಶ್ವವಿದ್ಯಾಲಯಗಳಲ್ಲಿ ವೇದಾಂತದ ಕುರಿತು ಉಪನ್ಯಾಸ ಕೊಡುತ್ತ ಕಾಲ ಕಳೆದರು.

ಆ ಉಪನ್ಯಾಸಗಳ ಹೊರಗೆ ಏನು ನಡೆಯುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. 1940ರ ಅಕ್ಟೋಬರ್‌ನಲ್ಲಿ ವಿಶಿ ಸರ್ಕಾರ ಯೆಹೂದಿಗಳನ್ನು ಸರ್ಕಾರಿ ನೌಕರಿ, ಬೋಧನೆ, ಪತ್ರಿಕಾ ವೃತ್ತಿಗಳಿಂದ ಹೊರಹಾಕುವ ಕಾನೂನು ತಂದಿತು. ಮುಂದೆ ರೈಲುಗಳು ಹೊರಟವು. ಅಜ್ಜ ಅಜ್ಜಿಯರು ಯಾವ ಮತದವರು ಎಂಬುದರ ಮೇಲೆ ಮನುಷ್ಯನ ಪ್ರಾಣ ನಿಂತಿದ್ದ ದೇಶದಲ್ಲಿ, ಎಚ್ಚರ ಕನಸು ನಿದ್ರೆಗಳಿಗೆ ಮತವಿಲ್ಲ ಎಂದು ವಿವರಿಸುವ ಒಬ್ಬ ಕಂದು ಬಣ್ಣದ ಸಂನ್ಯಾಸಿ. 1942ರ ನವೆಂಬರ್‌ನಲ್ಲಿ ದಕ್ಷಿಣವನ್ನೂ ಜರ್ಮನರು ಆಕ್ರಮಿಸಿದ ಮೇಲೆ ಅಲ್ಲಿಯೂ ನೆಮ್ಮದಿ ಉಳಿಯಲಿಲ್ಲ.

ರಾಜಕೀಯದ ಮಾತು ಅವರದ್ದಾಗಿರಲಿಲ್ಲ. ರಾಜಕಾರಣಕ್ಕೆ ಕೈಹಾಕಬಾರದೆಂಬುದು ವಿವೇಕಾನಂದರು ಸಂಘಕ್ಕೆ ಹಾಕಿಕೊಟ್ಟ ನಿಯಮ. ಇದನ್ನು ಮಿತಿ ಎಂದು ಬಗೆಯುವವರೂ ಉಂಟು, ಅದು ಸಂಪೂರ್ಣ ಅನ್ಯಾಯದ ಮಾತೂ ಅಲ್ಲ. ಭಾರತದಲ್ಲಿ ಅದೇ ಸಂಘ ನಡೆಸುವ ಆಸ್ಪತ್ರೆ, ಶಾಲೆ, ಬರ ಪರಿಹಾರಗಳಂತಹ ಕೆಲಸವೂ ಫ್ರಾನ್ಸ್‌ನಲ್ಲಿ ಅವರಿಗೆ ಸಾಧ್ಯವಿರಲಿಲ್ಲ. ಅವರ ಸುತ್ತ ಸೇರಿದವರು ಹೆಚ್ಚಾಗಿ ಓದಿದವರು, ಅಧ್ಯಾಪಕರು, ಬರಹಗಾರರು. ಕಾರ್ಖಾನೆಯ ಕೂಲಿಗೆ ಅವರ ಮಾತು ತಲುಪಿತೆಂದು ಹೇಳುವಂತಿಲ್ಲ.

ಶಿಲುಬೆಯ ಸಂತ ಮತ್ತು ಪತಂಜಲಿ

ಯುದ್ಧ ಮುಗಿದ ಮೇಲಿನ ವರ್ಷಗಳೇ ಅವರ ಬದುಕಿನ ಫಲಕಾಲ. ಪ್ಯಾರಿಸ್‌ಗೆ ಮರಳಿದ ಅವರಿಗೆ ಸೊರ್ಬಾನ್ ವಿಶ್ವವಿದ್ಯಾಲಯದ ವೇದಿಕೆ ದೊರೆಯಿತು. ಅವರ ಉಪನ್ಯಾಸಗಳು ಫ್ರೆಂಚ್ ಗ್ರಂಥಗಳಾಗಿ ಬಂದವು. ವೇದಾಂತದ ತತ್ತ್ವಮೀಮಾಂಸೆಯ ಕುರಿತ ಪ್ರಬಂಧ 1948ರದ್ದು.

ಆದರೆ ಅವರ ಹೆಸರನ್ನು ಉಳಿಸಿದ ಕೆಲಸ ಬೇರೆಯದು. ಹದಿನಾರನೆಯ ಶತಮಾನದ ಸ್ಪೇನ್‌ನಲ್ಲಿ ಜಾನ್ ಆಫ್ ದ ಕ್ರಾಸ್ ಎಂಬ ಕಾರ್ಮೆಲೈಟ್ ಸಂತರಿದ್ದರು (1542–1591). ತಮ್ಮ ಸಂಘವನ್ನು ಸುಧಾರಿಸಲು ಹೊರಟದ್ದಕ್ಕೆ ಸ್ವಂತ ಸಂಘದವರೇ 1577ರ ಕೊನೆಯಲ್ಲಿ ಅವರನ್ನು ತೊಲೆದೊ ನಗರದ ಇಕ್ಕಟ್ಟಾದ ಕತ್ತಲ ಕೋಣೆಯಲ್ಲಿ ಕೂಡಿಹಾಕಿದರು. ಸುಮಾರು ಒಂಬತ್ತು ತಿಂಗಳ ಆ ಸೆರೆಯಲ್ಲಿ ಹುಟ್ಟಿದ ಕಾವ್ಯ ಸ್ಪ್ಯಾನಿಷ್ ಸಾಹಿತ್ಯದ ಶಿಖರಗಳಲ್ಲೊಂದು. ದೇವರ ದಾರಿಯಲ್ಲಿ ಆತ್ಮ ದಾಟಬೇಕಾದ ಕಗ್ಗತ್ತಲ ಇರುಳಿನ ಬಗ್ಗೆ, ದೇವರು ಕೊಡುವ ಸುಖಾನುಭವಗಳನ್ನೂ ಕಡೆಗೆ ಕೈಬಿಡಬೇಕಾದ ಅಗತ್ಯದ ಬಗ್ಗೆ ಅವರಷ್ಟು ನಿಷ್ಠುರವಾಗಿ ಬರೆದವರು ಕ್ರೈಸ್ತ ಪರಂಪರೆಯಲ್ಲಿ ವಿರಳ.

ಸಿದ್ಧೇಶ್ವರಾನಂದರು ಈ ಸಂತರನ್ನು ಪತಂಜಲಿಯ ರಾಜಯೋಗದ ಪಕ್ಕದಲ್ಲಿಟ್ಟು ಓದಿದರು. ಇಂದ್ರಿಯಗಳನ್ನು ಹಿಂದಕ್ಕೆ ಸೆಳೆಯುವುದು, ಮನಸ್ಸಿನ ವೃತ್ತಿಗಳನ್ನು ಅಡಗಿಸುವುದು, ದಾರಿಯಲ್ಲಿ ಸಿಗುವ ಸಿದ್ಧಿಗಳಿಗೆ ಮರುಳಾಗದಿರುವುದು, ಈ ಹಂತಗಳು ಎರಡು ಕಡೆಯೂ ಎದುರಾಗುತ್ತವೆ. ಸಂತರ ಪ್ರೇಮವನ್ನು ಅವರು ಕಂಡದ್ದು ಶ್ರೀರಾಮಕೃಷ್ಣರ ಭಕ್ತಿಯ ಬೆಳಕಿನಲ್ಲಿ. ಹಾಗೆಂದು ಎರಡೂ ಒಂದೇ ಎಂದು ತೇಲಿಸಿಬಿಡುವ ಅಗ್ಗದ ಸಮನ್ವಯ ಅದಾಗಿರಲಿಲ್ಲ. ಕ್ರೈಸ್ತನಿಗೆ ಕೃಪೆ ಮುಖ್ಯ, ಯೋಗಿಗೆ ಅಭ್ಯಾಸ. ಅದ್ವೈತಿಗೆ ಕಡೆಯಲ್ಲಿ ದೇವರು ಜೀವ ಎಂಬ ಎರಡಿಲ್ಲ, ಸಂತರಿಗೆ ಪ್ರಿಯತಮನೂ ಪ್ರೇಯಸಿಯೂ ಉಳಿಯಲೇಬೇಕು. ಈ ಅಂತರ ಸ್ವಾಮೀಜಿಗೆ ತಿಳಿದಿತ್ತು.

ಕೇಳಲು ಬಂದ ಕ್ಯಾಥೊಲಿಕರ ಪಾಲಿಗೆ ಇದರ ಪರಿಣಾಮ ಏನಾಗಿರಬಹುದು ಎಂದು ಯೋಚಿಸಿ. ಚರ್ಚಿನಿಂದ ದೂರ ಸರಿದು, ಪೂರ್ವದೇಶದಲ್ಲಿ ಏನೋ ಇದೆ ಎಂದು ಹುಡುಕಿಕೊಂಡು ಬಂದವರ ಕೈಗೆ ಹಿಂದೂ ಸಂನ್ಯಾಸಿ ಅವರದೇ ಮನೆಯ ಗ್ರಂಥವನ್ನು ಇಟ್ಟರು. ಮತಾಂತರ ಎಂಬ ಪದ್ಧತಿ ರಾಮಕೃಷ್ಣ ಸಂಘದಲ್ಲಿ ಇಲ್ಲ. ಕ್ರಿಸ್‌ಮಸ್ ಮುನ್ನಾದಿನದ ಆಚರಣೆ ಇದೆ. ಶ್ರೀರಾಮಕೃಷ್ಣರ ತರುಣ ಶಿಷ್ಯರು ಸಂನ್ಯಾಸದ ಸಂಕಲ್ಪ ತೊಟ್ಟದ್ದು 1886ರ ಡಿಸೆಂಬರ್ 24ರಂದು, ಬಂಗಾಳದ ಆಂತಪುರದಲ್ಲಿ. ಆದರೆ ಆ ಕಾಲದ ಕ್ಯಾಥೊಲಿಕ್ ಚರ್ಚು ಇಂತಹ ಸ್ನೇಹವನ್ನು ಸಂದೇಹದಿಂದಲೇ ನೋಡುತ್ತಿತ್ತು. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ತಾನು ತಿರಸ್ಕರಿಸುವುದಿಲ್ಲ ಎಂದು ವ್ಯಾಟಿಕನ್ ಅಧಿಕೃತವಾಗಿ ಸಾರಿದ್ದು 1965ರ ಅಕ್ಟೋಬರ್ 28ರಂದು. ಸ್ವಾಮೀಜಿ ತೀರಿಕೊಂಡು ಆಗ ಎಂಟು ವರ್ಷ ಕಳೆದಿತ್ತು.

ಗ್ರೆಟ್ಸ್‌ನ ಮನೆ

1948ರಲ್ಲಿ ವೇದಾಂತ ಕೇಂದ್ರ ಪ್ಯಾರಿಸ್‌ನ ಆಗ್ನೇಯಕ್ಕಿರುವ ಗ್ರೆಟ್ಸ್ ಎಂಬ ಊರಿಗೆ ಬಂತು. ಮರಗಳ ನಡುವಿನ ವಿಶಾಲವಾದ ಹಳೆಯ ಮನೆ, ಸುತ್ತ ಜಮೀನು. ಅಲ್ಲಿ ನೆಲೆಸಿದವರು ಕಾವಿ ತೊಡಬೇಕೆಂಬ ಕಟ್ಟಳೆ ಇರಲಿಲ್ಲ. ತೋಟದ ಕೆಲಸ, ಅಡಿಗೆ ಮನೆಯ ಕೆಲಸ, ಧ್ಯಾನ, ಸಂಜೆಯ ಪಾಠ. ಭಾನುವಾರ ನಗರದಿಂದ ಬರುವವರಿಗೆ ಪ್ರವಚನ. ಫ್ರಾನ್ಸ್‌ನಲ್ಲಿ ರಾಮಕೃಷ್ಣ ಸಂಘಕ್ಕೆ ಭದ್ರವಾದ ನೆಲೆ ಸಿಕ್ಕಿತು. ಅದು ಮೈಸೂರಿನ ಆಶ್ರಮವನ್ನು ನೆನಪಿಸುತ್ತದೆ ಎಂದರೆ ಅತಿಶಯೋಕ್ತಿಯಾಗಲಾರದು. ಬಂದವರನ್ನು ಬಂದ ಹಾಗೇ ಇರಗೊಟ್ಟ ಮನೆಗಳು ಅವೆರಡೂ.

ಇದೇ ಹೊತ್ತಿಗೆ ಎದುರು ದಿಕ್ಕಿನ ಪಯಣವೂ ನಡೆದಿತ್ತು. ಫ್ರೆಂಚ್ ಪಾದ್ರಿ ಜೂಲ್ ಮೊನ್ಶಾನೆ ಮತ್ತು ಬೆನೆಡಿಕ್ಟೈನ್ ಸಂನ್ಯಾಸಿ ಆನ್ರಿ ಲ ಸೊ 1950ರಲ್ಲಿ ತಮಿಳುನಾಡಿನ ಕುಳಿತಲೈ ಬಳಿ, ಕಾವೇರಿಯ ದಡದಲ್ಲಿ ಶಾಂತಿವನ ಎಂಬ ಕ್ರೈಸ್ತ ಆಶ್ರಮ ಕಟ್ಟಿ, ಕಾವಿಯುಟ್ಟು ಉಪನಿಷತ್ತು ಓದತೊಡಗಿದ್ದರು. ಕಾವೇರಿ ಸೀಮೆಯ ಸ್ವಾಮಿ ಸೆನ್ ನದಿಯ ನಾಡಿನಲ್ಲಿ, ಸೆನ್ ನದಿಯ ನಾಡಿನವರು ಕಾವೇರಿಯ ಮೇಲೆ! ಸಿದ್ಧೇಶ್ವರಾನಂದರು 1957ರ ಏಪ್ರಿಲ್ 2ರಂದು ಫ್ರಾನ್ಸ್‌ನಲ್ಲಿ ದೇಹ ಬಿಟ್ಟರು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಕಾಯಿಲೆಯ ಚಿಕಿತ್ಸೆಗೆಂದು ಪ್ಯಾರಿಸ್‌ಗೆ ಮರಳಿದ್ದ ಮೊನ್ಶಾನೆ ಕೂಡ ತೀರಿಕೊಂಡರು.

ಅರವತ್ತು ವರ್ಷದ ಆಯುಸ್ಸಿನಲ್ಲಿ ಇಪ್ಪತ್ತು ವರ್ಷ ಫ್ರಾನ್ಸ್‌ಗೆ ಸಂದಿತು. ಗ್ರೆಟ್ಸ್ ಕೇಂದ್ರದ ಹೊಣೆಯನ್ನು ಮುಂದೆ ಸ್ವಾಮಿ ಋತಜಾನಂದರು ಹೊತ್ತು ದಶಕಗಳ ಕಾಲ ನಡೆಸಿದರು. ಮೈಸೂರಿನ ಆಶ್ರಮ ಯಾದವಗಿರಿಯಲ್ಲಿದೆ. ಅದಕ್ಕೆ ಅನತಿ ದೂರದಲ್ಲಿಯೇ, ಒಂಟಿಕೊಪ್ಪಲಿನಲ್ಲಿ, ಕುವೆಂಪು ಕಟ್ಟಿಸಿದ ‘ಉದಯರವಿ’.

ಹಿಂದೂ ಚಿಂತನೆ ಮತ್ತು ಕಾರ್ಮೆಲೈಟ್ ಅನುಭಾವದ ಕುರಿತ ಸ್ವಾಮೀಜಿಯವರ ಉಪನ್ಯಾಸಗಳು ಫ್ರೆಂಚ್ ಭಾಷೆಯಲ್ಲಿ ಪುಸ್ತಕವಾದದ್ದು 1974ರಲ್ಲಿ. 1998ರಲ್ಲಿ ಅದರ ಇಂಗ್ಲಿಷ್ ಅನುವಾದ ಬಂತು. ‘ನೆನಪಿನ ದೋಣಿಯಲ್ಲಿ’ ಪ್ರಕಟವಾದದ್ದು 1980ರಲ್ಲಿ. ಮೊದಲನೆಯದನ್ನು ಓದಿದ ಫ್ರೆಂಚರಿಗೆ ಸಂತೇಪೇಟೆಯ ಕಾಯಿಲೆಯ ಹುಡುಗ ಗೊತ್ತಿರಲಾರ. ಎರಡನೆಯದನ್ನು ಓದಿದ ನಮಗೆ ಗ್ರೆಟ್ಸ್ ಗೊತ್ತಿಲ್ಲ. ಸ್ವಾಮೀಜಿಯವರ ಆ ಪುಸ್ತಕವನ್ನು ಕನ್ನಡಕ್ಕೆ ತರುವುದಾದರೆ ಅದನ್ನು ಮಾಡಬೇಕಾದವರು ಮೈಸೂರಿನವರೇ.